ಮಳೆಯ ಲೆಕ್ಕ ಬರೆದ ವಾಕರ್ ಸಾಹೇಬರು

2023ರ ಸೆಪ್ಟೆಂಬರ್ ತಿಂಗಳು ನಮ್ಮಲ್ಲಿ ಹಲವರಿಗೆ ಇನ್ನೂ ಚೆನ್ನಾಗಿ ನೆನಪಿದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಚಳಿಗಾಲ ಮುಗಿದು ವಸಂತ ಶುರುವಾಗಿತ್ತು. 19ನೇ ತಾರೀಖು ಇಲ್ಲಿನ ಹವಾಮಾನ ಇಲಾಖೆ ಎಲ್ ನಿನೊ ಬಂದಿದೆ ಅಂತ ಘೋಷಿಸಿತು. ಟಿವಿಯಲ್ಲಿ, ಟ್ರಾಮಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ಅದೇ ಮಾತು. ಈ ಬೇಸಿಗೆ ಸುಡುತ್ತದೆ, ಕಾಡ್ಗಿಚ್ಚು ಏಳುತ್ತದೆ, ಹುಷಾರಾಗಿರಿ ಅಂತ.

ಅದೇ ವಾರ ಊರಿಂದ ಬಂದ ಫೋನುಗಳಲ್ಲೂ ಮಳೆಯದೇ ಮಾತು. ಆಗಸ್ಟ್ ಪೂರ್ತಿ ಒಣಗಿಹೋಗಿತ್ತು. 1901ರಿಂದ ಲೆಕ್ಕ ಇಟ್ಟ ಮೇಲೆ ಇಡೀ ಭಾರತಕ್ಕೇ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಹೊಲದಲ್ಲಿ ರಾಗಿ ಬಾಡಿ ನಿಂತಿತ್ತು, ಕೆಆರ್‌ಎಸ್ ತುಂಬಿರಲಿಲ್ಲ, ಕಾವೇರಿ ನೀರಿಗಾಗಿ ಬಂದ್ ನಡೆಯುತ್ತಿತ್ತು. ಕೊನೆಗೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಸರ್ಕಾರ ಹೇಳಬೇಕಾಯಿತು.

ಮೆಲ್ಬರ್ನಿಗೂ ಬೆಂಗಳೂರಿಗೂ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ದೂರ. ಒಂದು ಭೂಮಧ್ಯರೇಖೆಯ ಕೆಳಗೆ, ಇನ್ನೊಂದು ಮೇಲೆ. ಅಲ್ಲಿ ಮಳೆಗಾಲ ಇದ್ದಾಗ ಇಲ್ಲಿ ಚಳಿಗಾಲ. ಹಾಗಿದ್ದರೂ ಎರಡೂ ಕಡೆ ಒಂದೇ ಭಯ ಒಂದೇ ವಾರ ಹೇಗೆ ಬಂತು? ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಒಬ್ಬರು ಭಾರತದಲ್ಲೇ ಕೂತು, ಕಾಗದ ಪೆನ್ಸಿಲಿನಿಂದ ಬಿಡಿಸಲು ಹೊರಟಿದ್ದರು. ಅವರ ಹೆಸರು ಗಿಲ್ಬರ್ಟ್ ವಾಕರ್. ಎಲ್ ನಿನೊ ಸುದ್ದಿ ಓದುವಾಗ ವಾಕರ್ ಪರಿಚಲನೆ ಎಂಬ ಮಾತು ನಾವೆಲ್ಲ ಕೇಳಿರುತ್ತೇವೆ. ಆ ಹೆಸರಿನ ಹಿಂದಿನ ಮನುಷ್ಯನ ಕತೆ ಮಾತ್ರ ಅಷ್ಟಾಗಿ ಕೇಳಿರುವುದಿಲ್ಲ. ಈ ಸಂಚಿಕೆಗಾಗಿ ಅದನ್ನು ಹೇಳೋಣ ಅನ್ನಿಸಿತು.

ಗಣಿತದ ಮೇಷ್ಟ್ರು, ಬೂಮರಾಂಗಿನ ಹುಚ್ಚು

ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ರಾಚ್‌ಡೇಲ್ ಎಂಬ ಊರಿನಲ್ಲಿ. ಅದು ಹತ್ತಿ ಗಿರಣಿಗಳ ಊರು. ತಂದೆ ಎಂಜಿನಿಯರ್. ಮುಂದೆ ಸಂಸಾರ ಲಂಡನ್ ಬಳಿಯ ಕ್ರಾಯ್ಡನ್‌ಗೆ ಬಂತು. ಹುಡುಗ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದ. 1889ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ. ಆ ಮೊದಲಿಗನನ್ನು ಸೀನಿಯರ್ ರ‍್ಯಾಂಗ್ಲರ್ ಅಂತ ಕರೆಯುತ್ತಿದ್ದರು. ನಮ್ಮಲ್ಲಿ ಐಎಎಸ್‌ನಲ್ಲಿ ಮೊದಲ ರ‍್ಯಾಂಕ್ ಬಂದರೆ ಎಷ್ಟು ಗೌರವವೋ, ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ಅಷ್ಟು ಗೌರವ.

ಆದರೆ ಓದಿ ಓದಿ ಆರೋಗ್ಯ ಕೆಟ್ಟಿತು. ಮರುವರ್ಷವೇ ಮೈ ಕೈಕೊಟ್ಟಿತು. ಮೂರು ಚಳಿಗಾಲ ಸ್ವಿಟ್ಜರ್ಲೆಂಡಿನಲ್ಲಿ ಕಳೆದು ಸುಧಾರಿಸಿಕೊಳ್ಳಬೇಕಾಯಿತು. ಅಲ್ಲಿ ಸುಮ್ಮನೆ ಕೂರಲಿಲ್ಲ, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿತರು. ಆ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಪರೀಕ್ಷೆ, ಅಸೈನ್‌ಮೆಂಟು ಅಂತ ನಿದ್ದೆಗೆಡುವ ನಮಗೆ ಈ ಭಾಗ ಓದಿ ಸ್ವಲ್ಪ ಸಮಾಧಾನ ಆಯಿತು. ಸೀನಿಯರ್ ರ‍್ಯಾಂಗ್ಲರೂ ಒಮ್ಮೆ ಕುಸಿದುಬಿದ್ದಿದ್ದಾರೆ, ಎದ್ದೂ ಇದ್ದಾರೆ.

ವಾಪಸ್ ಬಂದು ಟ್ರಿನಿಟಿಯಲ್ಲೇ ಮೇಷ್ಟ್ರಾದರು. ಸಂಜೆ ಹೊತ್ತು ಕೇಂಬ್ರಿಜ್‌ನ ನದಿ ದಂಡೆಯ ಹುಲ್ಲುಗಾವಲಿನಲ್ಲಿ ಬೂಮರಾಂಗ್ ಎಸೆಯುತ್ತಿದ್ದರು. ಬೂಮರಾಂಗ್ ಅಂದರೆ ನಾವೀಗ ಇರುವ ಈ ನೆಲದ ಮೂಲನಿವಾಸಿಗಳ ಕೈಚಳಕ. ಅದು ಯಾಕೆ ತಿರುಗಿ ಬರುತ್ತದೆ ಎಂಬುದಕ್ಕೆ ವಾಕರ್ ಗಣಿತ ಬರೆದರು. 1897ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆ ಪ್ರಬಂಧ ಬಂತು. ಕೇಂಬ್ರಿಜ್‌ನಲ್ಲಿ ಅವರಿಗೆ ಬೂಮರಾಂಗ್ ವಾಕರ್ ಎಂದೇ ಅಡ್ಡಹೆಸರು ಬಿತ್ತು. ಒಂದು ದಿಕ್ಕಿಗೆ ತಿರುಗಿಸಿದರೆ ಸರಾಗವಾಗಿ ಸುತ್ತಿ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಒದ್ದಾಡಿ ತಾನೇ ಹಿಂದಕ್ಕೆ ತಿರುಗುವ ವಿಚಿತ್ರ ಕಲ್ಲುಗಳ ಬಗ್ಗೆಯೂ ಬರೆದರು. ಕೊಳಲು ನುಡಿಸುತ್ತಿದ್ದರು. ಅದರ ರಚನೆಯನ್ನು ಸುಧಾರಿಸಲೂ ತಲೆ ಕೆಡಿಸಿಕೊಂಡಿದ್ದರು. ಒಟ್ಟಿನಲ್ಲಿ, ಯಾವುದೇ ವಸ್ತು ತಿರುಗಿದರೆ, ಅಲುಗಿದರೆ, ತೂಗಿದರೆ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಹವಾಮಾನ ಶಾಸ್ತ್ರ ಮಾತ್ರ ಅವರು ಓದಿರಲಿಲ್ಲ. ಅಂಥವರನ್ನು ಭಾರತದ ಮಳೆಯ ಮುಂದೆ ತಂದು ನಿಲ್ಲಿಸಿದ್ದು ಬರ.

ಬರದ ಬೆನ್ನಿಗೆ ಬಂದ ಪ್ರಶ್ನೆ

ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ಮುಂಗಾರು ಕೈಕೊಟ್ಟಿತು. ಅದರ ಮುಂದಿನ ವರ್ಷವೂ ಸರಿಯಾಗಲಿಲ್ಲ. ನಮ್ಮ ಹಿರಿಯರ ಬಾಯಲ್ಲಿ ಧಾತು ಈಶ್ವರ ಸಂವತ್ಸರದ ಬರ ಅಂತ ಉಳಿದುಬಂದದ್ದು ಇದೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಕಡೆ ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಜನ ಸತ್ತದ್ದು ಮಳೆ ಇಲ್ಲದ್ದರಿಂದ ಮಾತ್ರ ಅಲ್ಲ. ಆ ವರ್ಷಗಳಲ್ಲೂ ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಪರಿಹಾರ ಕಾಮಗಾರಿಗಳಲ್ಲಿ ಕೊಡುತ್ತಿದ್ದ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಮಳೆ ಕೈಕೊಟ್ಟದ್ದು ಪ್ರಕೃತಿ, ಕೈ ಹಿಡಿಯದೆ ಹೋದದ್ದು ಸರ್ಕಾರ.

ಆದರೂ ಸರ್ಕಾರಕ್ಕೆ ಒಂದು ಪ್ರಶ್ನೆ ಎದ್ದಿತು. ಮಳೆ ಬರುತ್ತದೋ ಇಲ್ಲವೋ ಅನ್ನುವುದು ಮೊದಲೇ ಗೊತ್ತಾದರೆ? ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಕಡೆ ನೋಡಿದರು. ಚಳಿಗಾಲ, ವಸಂತದಲ್ಲಿ ಅಲ್ಲಿ ಹಿಮ ಜಾಸ್ತಿ ಬಿದ್ದರೆ ಮುಂದಿನ ಮುಂಗಾರು ಕಡಿಮೆ ಎಂಬುದು ಅವರ ಲೆಕ್ಕ. 1886ರಿಂದ ಪ್ರತಿವರ್ಷ ಮುಂಗಾರಿನ ಮುನ್ಸೂಚನೆ ಹೊರಡತೊಡಗಿತು. ನಮ್ಮಲ್ಲಿ ಯುಗಾದಿಯ ದಿನ ಪಂಚಾಂಗ ಓದಿ ಈ ವರ್ಷ ಎಷ್ಟು ಕೊಳಗ ಮಳೆ ಅಂತ ಹೇಳುತ್ತಾರಲ್ಲ, ಅದರ ಪಕ್ಕದಲ್ಲಿ ಇದೊಂದು ಸರ್ಕಾರಿ ಪಂಚಾಂಗ ಬಂದ ಹಾಗಾಯಿತು.

ಬ್ಲ್ಯಾನ್‌ಫೋರ್ಡ್ ನಂತರ ಬಂದ ಜಾನ್ ಎಲಿಯಟ್ ಇನ್ನೂ ಹತ್ತಾರು ವಿಷಯ ಸೇರಿಸಿ ಉದ್ದುದ್ದ ವರದಿ ಬರೆದರು. 1899ರಲ್ಲಿ ಮಳೆ ಚೆನ್ನಾಗಿದೆ ಅಂದರು. ಆದದ್ದು ಘೋರ ಬರ. ಪತ್ರಿಕೆಗಳು ಬಿಡಲಿಲ್ಲ. ಎಲಿಯಟ್‌ಗೆ ಅರ್ಥವಾದದ್ದು ಇಷ್ಟು: ಈ ಗಂಟು ಅನುಭವದಿಂದ ಬಿಚ್ಚುವುದಲ್ಲ, ಗಣಿತ ಗೊತ್ತಿರುವವರು ಬೇಕು. ಹಾಗೆ ಕೇಂಬ್ರಿಜ್‌ನ ಬೂಮರಾಂಗ್ ಮೇಷ್ಟ್ರಿಗೆ ಕರೆ ಹೋಯಿತು. ವಾಕರ್ ಯೂರೋಪು, ಅಮೆರಿಕಾದ ಹವಾಮಾನ ಕೇಂದ್ರಗಳನ್ನು ನೋಡಿಕೊಂಡು 1903ರಲ್ಲಿ ಭಾರತಕ್ಕೆ ಬಂದರು. 1904ರಲ್ಲಿ ವೀಕ್ಷಣಾಲಯಗಳ ಮಹಾನಿರ್ದೇಶಕರಾದರು. ಆಗ ಅವರಿಗೆ 35 ವರ್ಷ.

ಗುಮಾಸ್ತರೇ ಕಂಪ್ಯೂಟರ್

ಶಿಮ್ಲಾದ ಕಚೇರಿಯಲ್ಲಿ ಕೂತ ವಾಕರ್‌ಗೆ ಬೇಗನೇ ಒಂದು ವಿಷಯ ಹೊಳೆಯಿತು. ತಾವು ಕಲಿತ ಚಲನಶಾಸ್ತ್ರದ ಸಮೀಕರಣ ಬರೆದು ಮುಂಗಾರನ್ನು ಬಿಡಿಸಲು ಆಗುವುದಿಲ್ಲ. ಗಾಳಿ, ನೀರಾವಿ, ಬಿಸಿ, ಬೆಟ್ಟ, ಸಮುದ್ರ ಎಲ್ಲ ಸೇರಿದ ಆ ವ್ಯವಹಾರ ಆಗಿನ ಗಣಿತಕ್ಕೆ ದಕ್ಕುವಂಥದ್ದಲ್ಲ. ಇಂಥ ಕಡೆ ಸೀನಿಯರ್ ರ‍್ಯಾಂಗ್ಲರ್ ಒಬ್ಬರು ತಮಗೆ ಗೊತ್ತಿರುವುದನ್ನೇ ಹಿಡಿದು ಹಟ ಮಾಡಬಹುದಿತ್ತು. ವಾಕರ್ ಹಾಗೆ ಮಾಡಲಿಲ್ಲ. ಆಗಷ್ಟೇ ಬೆಳೆಯುತ್ತಿದ್ದ ಸಂಖ್ಯಾಶಾಸ್ತ್ರವನ್ನು ಕಲಿಯಲು ಕೂತರು.

ಉಪಾಯ ಸರಳ, ದುಡಿಮೆ ಘೋರ. ಪ್ರಪಂಚದ ಬೇರೆ ಬೇರೆ ಊರುಗಳ ವಾಯುಭಾರ, ಮಳೆ, ಉಷ್ಣಾಂಶದ ಹಳೆಯ ದಾಖಲೆ ತರಿಸುವುದು. ಪ್ರತಿಯೊಂದನ್ನೂ ಭಾರತದ ಮಳೆಯ ಜೊತೆ ಇಟ್ಟು, ಇದು ಏರಿದಾಗ ಅದು ಏರುತ್ತದಾ ಇಳಿಯುತ್ತದಾ ಅಂತ ನೋಡುವುದು. ನಾವು ಕ್ಲಾಸಿನಲ್ಲಿ ಕೋರಿಲೇಶನ್ ಅನ್ನುತ್ತೇವಲ್ಲ, ಅದೇ ಸಹಸಂಬಂಧ. ಈಗ ಲ್ಯಾಪ್‌ಟಾಪಿನಲ್ಲಿ ಒಂದು ಸಾಲಿನ ಕೋಡ್ ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಆಗ ಒಂದೊಂದು ಸಂಖ್ಯೆಗೂ ಒಬ್ಬ ಗುಮಾಸ್ತ ಕೂತು ಕೂಡಿ, ಗುಣಿಸಿ, ಭಾಗಿಸಬೇಕಿತ್ತು. ಆ ಕೆಲಸ ಮಾಡಿದವರು ಇಲಾಖೆಯ ಭಾರತೀಯ ನೌಕರರು. ಅವರ ಹೆಸರುಗಳು ಇವತ್ತು ಯಾರ ನಾಲಿಗೆಯ ಮೇಲೂ ಇಲ್ಲ. ಪರಿಚಲನೆಗೆ ಸಾಹೇಬರ ಹೆಸರು ಬಂತು, ಲೆಕ್ಕ ಹಾಕಿದ ಕೈಗಳಿಗೆ ಹೆಸರು ಬರಲಿಲ್ಲ. ವಾಕರ್ ಅವರನ್ನು ಹೊಗಳುವಾಗ ಇದನ್ನು ಮರೆಯುವುದು ನ್ಯಾಯ ಅಲ್ಲ.

ಹೀಗೆ ಹುಡುಕಿ ವಾಕರ್ ಒಂದು ಸೂತ್ರ ಕಟ್ಟಿದರು. ಹಿಮಾಲಯದ ಹಿಮ ಎಷ್ಟು, ಮಾರಿಷಸ್‌ನಲ್ಲಿ ವಾಯುಭಾರ ಎಷ್ಟು, ದಕ್ಷಿಣ ಅಮೆರಿಕಾದ ಅರ್ಜೆಂಟೀನಾ, ಚಿಲಿಯಲ್ಲಿ ವಾಯುಭಾರ ಎಷ್ಟು, ಆಫ್ರಿಕಾದ ಜಂಜಿಬಾರ್‌ನಲ್ಲಿ ಮಳೆ ಎಷ್ಟು, ಇವನ್ನು ಸೇರಿಸಿ ಮುಂಗಾರಿನ ಅಂದಾಜು. ಚಿಲಿಯ ಪಾದರಸದ ಕಡ್ಡಿಗೂ ನಮ್ಮ ರಾಗಿ ಹೊಲಕ್ಕೂ ಸಂಬಂಧ ಇದೆ ಅಂದರೆ ಆಗಿನ ಜನ ನಕ್ಕಿರಬಹುದು. ಮುಂದೆ ಇಡೀ ಭಾರತವನ್ನು ಒಂದೇ ಗಂಟಾಗಿ ನೋಡುವುದು ತಪ್ಪೆಂದು ತಿಳಿದು, ವಾಯವ್ಯ ಭಾರತ, ದಖನ್ನಿನ ಪರ್ಯಾಯದ್ವೀಪ ಎಂದು ಬೇರೆ ಬೇರೆ ಲೆಕ್ಕ ಹಾಕಿದರು.

ಇನ್ನೊಂದು ವಿಷಯದಲ್ಲಿ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ನೂರು ಊರುಗಳ ದಾಖಲೆ ಹುಡುಕಿದರೆ, ಯಾವ ಸಂಬಂಧವೂ ಇಲ್ಲದಿದ್ದರೂ, ಒಂದೆರಡು ಊರು ಬರೀ ಕಾಕತಾಳೀಯವಾಗಿ ಹೊಂದಿಕೊಂಡೇ ಹೊಂದಿಕೊಳ್ಳುತ್ತವೆ. ತರಗತಿಯಲ್ಲಿ ಅರವತ್ತು ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುತ್ತದಲ್ಲ, ಹಾಗೆ. ಆದ್ದರಿಂದ ಹುಡುಕಿದ್ದು ಹೆಚ್ಚಾದಷ್ಟೂ ಸಿಕ್ಕಿದ್ದನ್ನು ನಂಬಲು ಹೆಚ್ಚು ಕಟ್ಟುನಿಟ್ಟಾದ ಅಳತೆ ಬೇಕು ಎಂದು ಅವರು 1914ರಲ್ಲೇ ಬರೆದು ತೋರಿಸಿದರು. ಪ್ರಾಜೆಕ್ಟ್ ಮುಗಿಸುವ ಅವಸರದಲ್ಲಿ ಡೇಟಾ ಹಿಂಡಿ ಹಿಂಡಿ ಒಂದು ಫಲಿತಾಂಶ ತೆಗೆಯುವ ನಮ್ಮಂಥವರಿಗೆ ಇದು ಇವತ್ತಿಗೂ ಬೇಕಾದ ಎಚ್ಚರಿಕೆ. ಸೂರ್ಯನ ಕಲೆಗಳಿಂದಲೇ ಮಳೆ ನಿರ್ಧಾರ ಆಗುತ್ತದೆ ಎಂಬ ಮಾತು ಆಗ ಬಹಳ ಜೋರಾಗಿತ್ತು. ವಾಕರ್ ಅದನ್ನೂ ಪರೀಕ್ಷಿಸಿದರು. ಆ ನಂಟು ಮುನ್ಸೂಚನೆಗೆ ಆಧಾರವಾಗುವಷ್ಟು ಗಟ್ಟಿ ಅಲ್ಲ ಅಂತ ಕಂಡಿತು.

ಆದರೆ ಬರ ನಿಲ್ಲಲಿಲ್ಲ. 1918ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜಾ ಮಹಾಮಾರಿ ಬಂತು. ಹೊಟ್ಟೆಗಿಲ್ಲದ ಮೈಗೆ ಜ್ವರ ಬಡಿದು ಭಾರತದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಶಿಮ್ಲಾದ ಬೆಟ್ಟದ ಮೇಲಿನ ಲೆಕ್ಕದ ಪುಸ್ತಕಕ್ಕೂ ಬಯಲಿನ ಗುಡಿಸಲಿಗೂ ನಡುವೆ ಎಷ್ಟು ದೂರ ಇತ್ತು ಅನ್ನುವುದು ಆ ವರ್ಷ ಗೊತ್ತಾಯಿತು.

ಮದ್ರಾಸ್ ಬಂದರಿನ ಗುಮಾಸ್ತ

ನಡುವೆ ಒಂದು ಘಟನೆ. 1913ರ ಫೆಬ್ರವರಿ. ವಾಕರ್ ಇಲಾಖೆಯ ಕೆಲಸದ ಮೇಲೆ ಮದ್ರಾಸಿಗೆ ಬಂದಿದ್ದರು. ಬಂದರು ಟ್ರಸ್ಟಿನ ಮುಖ್ಯಸ್ಥರು ತಮ್ಮ ಕಚೇರಿಯ ಒಬ್ಬ ಗುಮಾಸ್ತನ ಗಣಿತದ ಕೆಲಸವನ್ನು ಅವರಿಗೆ ತೋರಿಸಿದರು. ತಿಂಗಳಿಗೆ 30 ರೂಪಾಯಿ ಸಂಬಳದ ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್.

ಶುದ್ಧ ಗಣಿತದ ಆ ಭಾಗ ವಾಕರ್ ಅವರ ಕ್ಷೇತ್ರ ಅಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಎದುರಿಗಿರುವುದು ಎಂಥ ತಲೆ ಅನ್ನುವುದು ಅವರಿಗೆ ತಿಳಿಯಿತು. ಮರುದಿನವೇ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಈ ಕೆಲಸದ ಸ್ವಂತಿಕೆ ಕೇಂಬ್ರಿಜ್ ಕಾಲೇಜಿನ ಫೆಲೋ ಒಬ್ಬರ ಕೆಲಸಕ್ಕೆ ಸಮ, ಹೊಟ್ಟೆಪಾಡಿನ ಚಿಂತೆ ಇಲ್ಲದೆ ಕೆಲವು ವರ್ಷವಾದರೂ ಗಣಿತ ಮಾಡಲು ಈತನಿಗೆ ವಿಶ್ವವಿದ್ಯಾಲಯ ಅವಕಾಶ ಕೊಡಬೇಕು ಎಂಬುದು ಪತ್ರದ ಸಾರ. ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ವಿದ್ಯಾರ್ಥಿವೇತನ ಕೊಟ್ಟಿತು. ಕೇಂಬ್ರಿಜ್‌ನ ಹಾರ್ಡಿ ಅವರ ಹೆಸರು ಎಲ್ಲರಿಗೂ ಗೊತ್ತು. ಮಳೆಯ ಲೆಕ್ಕದ ಮನುಷ್ಯನ ಈ ಒಂದು ಪತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸ್ಕಾಲರ್‌ಶಿಪ್ಪಿನ ಈಮೇಲ್‌ಗಾಗಿ ದಿನಾ ಇನ್‌ಬಾಕ್ಸ್ ನೋಡಿದ ಅನುಭವ ಇರುವ ನಮಗೆ ಆ 75 ರೂಪಾಯಿಯ ಬೆಲೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಾಗರದ ಏತ

ಭಾರತದ ಮಳೆಗಾಗಿ ಶುರುವಾದ ಹುಡುಕಾಟ ನಿಧಾನವಾಗಿ ಇಡೀ ಪ್ರಪಂಚದ ಹವಾಮಾನಕ್ಕೆ ಹರಡಿತು. 1923 ಮತ್ತು 1924ರಲ್ಲಿ ಇಲಾಖೆಯ ಪ್ರಕಟಣೆಗಳಲ್ಲಿ ವಾಕರ್ ತಮ್ಮ ದೊಡ್ಡ ಫಲಿತಾಂಶ ಮುಂದಿಟ್ಟರು. ಪ್ರಪಂಚದಲ್ಲಿ ವಾಯುಭಾರದ ಮೂರು ದೊಡ್ಡ ತೂಗಾಟಗಳಿವೆ. ಒಂದು ಉತ್ತರ ಅಟ್ಲಾಂಟಿಕ್‌ನಲ್ಲಿ, ಒಂದು ಉತ್ತರ ಪೆಸಿಫಿಕ್‌ನಲ್ಲಿ. ಎಲ್ಲಕ್ಕಿಂತ ದೊಡ್ಡದು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವಿನದು. ಅದಕ್ಕೆ ಅವರು ದಕ್ಷಿಣದ ತೂಗಾಟ ಎಂಬ ಅರ್ಥದಲ್ಲಿ ಸದರ್ನ್ ಆಸಿಲೇಶನ್ ಎಂದು ಹೆಸರಿಟ್ಟರು.

ಹಳೆಯ ಬಾವಿಯ ಏತ ನೆನಪಿಸಿಕೊಳ್ಳಿ. ಒಂದು ತುದಿ ಕೆಳಗಿಳಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಹಾಗೆಯೇ ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ವಾಯುಭಾರ ಹೆಚ್ಚಿದಾಗ ಇಂಡೋನೇಷ್ಯಾ, ಉತ್ತರ ಆಸ್ಟ್ರೇಲಿಯಾ, ಹಿಂದೂ ಮಹಾಸಾಗರದ ಕಡೆ ಕಡಿಮೆ. ಏತ ತಿರುಗಿದರೆ ಇಲ್ಲಿ ಹೆಚ್ಚು, ಅಲ್ಲಿ ಕಡಿಮೆ. ವಾಯುಭಾರ ಹೆಚ್ಚಿದ ಕಡೆ ಗಾಳಿ ಕೆಳಕ್ಕೆ ಇಳಿಯುತ್ತದೆ, ಮೋಡ ಕಟ್ಟುವುದಿಲ್ಲ. ಇಂದು ಈ ಏತದ ಎರಡು ತುದಿಗಳನ್ನು ಅಳೆಯಲು ಬಳಸುವ ಊರುಗಳು ತಹಿತಿ ಮತ್ತು ಡಾರ್ವಿನ್. ಹೌದು, ನಮ್ಮ ಇದೇ ಆಸ್ಟ್ರೇಲಿಯಾದ ಡಾರ್ವಿನ್.

ಇದರ ಸುಳಿವು ವಾಕರ್‌ಗಿಂತ ಮೊದಲೂ ಕೆಲವರಿಗೆ ಸಿಕ್ಕಿತ್ತು. ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಮರಳುಗಾಡು ದಾಟಿಸಿ 1872ರಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ ಚಾರ್ಲ್ಸ್ ಟಾಡ್, ಆಸ್ಟ್ರೇಲಿಯಾದ ಬರಗಳೂ ಭಾರತದ ಬರಗಳೂ ಒಟ್ಟಿಗೇ ಬರುತ್ತವೆ ಎಂಬುದನ್ನು 1888ರ ಹೊತ್ತಿಗೇ ಗಮನಿಸಿದ್ದರು. 1899ರಲ್ಲಿ ಭಾರತ ಒಣಗಿದಾಗ ಇಲ್ಲೂ ಒಂದು ದೀರ್ಘ ಬರ ನಡೆಯುತ್ತಿತ್ತು. ಆ ಬರ ಮುಗಿಯುವಷ್ಟರಲ್ಲಿ ಈ ದೇಶದ ಕುರಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ವಾಕರ್ ಮಾಡಿದ್ದು ಈ ಚೂರುಪಾರು ಸುಳಿವುಗಳನ್ನೆಲ್ಲ ಒಂದೇ ಏತದ ಮೇಲೆ ಕೂರಿಸಿದ್ದು, ಅದಕ್ಕೆ ಸಂಖ್ಯೆಯ ಬಲ ಕೊಟ್ಟದ್ದು.

ಏತ ಕಂಡಿತು, ಆದರೆ ಅದನ್ನು ತುಳಿಯುವವರು ಯಾರು ಅನ್ನುವುದು ಕಾಣಲಿಲ್ಲ. ಸಾಗರದ್ದೇ ಕೈವಾಡ ಇರಬಹುದೆಂಬ ಊಹೆ ಅವರಿಗೆ ಇತ್ತು. ಆದರೆ ಪೆಸಿಫಿಕ್‌ನ ನಡು ನೀರಿನಲ್ಲಿ ಥರ್ಮಾಮೀಟರ್ ಇಟ್ಟವರು ಯಾರು? ದಾಖಲೆ ಇರಲಿಲ್ಲ.

1924ರಲ್ಲಿ ವಾಕರ್ ನಿವೃತ್ತರಾದರು. ಸರ್ ಪದವಿ ಬಂತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹತ್ತು ವರ್ಷ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆಮೇಲೆ ಕೇಂಬ್ರಿಜ್‌ಗೆ ಮರಳಿ ಲೆಕ್ಕ ಮುಂದುವರಿಸಿದರು. ಕಾಲಕ್ರಮದ ದತ್ತಾಂಶ ಓದುವ ಗೆಳೆಯರು ಯೂಲ್-ವಾಕರ್ ಸಮೀಕರಣ ಎಂದು ಬರೆಯುತ್ತಾರಲ್ಲ, ಆ ವಾಕರ್ ಇವರೇ. ತಿಂಗಳುಗಟ್ಟಲೆ ಮುಂಚಿನ ಇಂಥ ಅಂದಾಜಿಗೆ ಮುನ್ಸೂಚನೆ ಎಂಬ ದೊಡ್ಡ ಮಾತು ಬೇಡ ಅಂತ ಅವರಿಗೆ ಅನ್ನಿಸಿತ್ತು. ಅದರ ಬದಲು ಮುಂದೆ ಬರುವುದರ ನೆರಳು ಬೀಳುವುದು ಎಂಬರ್ಥದ ಒಂದು ಇಂಗ್ಲಿಷ್ ಪದವನ್ನು ಬಳಸಿದರು. ಕನ್ನಡದಲ್ಲಿ ಮುನ್ನೆರಳು ಅನ್ನಬಹುದೇನೋ. ಆಕಾರ ಸ್ಥೂಲವಾಗಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಆ ನೆರಳೂ ಮಸುಕಾಗುತ್ತಾ ಬಂತು. ಅವರು ಆರಿಸಿದ ಸಹಸಂಬಂಧಗಳಲ್ಲಿ ಹಲವು ಮುಂದಿನ ದಶಕಗಳಲ್ಲಿ ಸಡಿಲವಾದವು. ಸೂತ್ರ ಮೊದಲಿನಷ್ಟು ಹೊಂದಲಿಲ್ಲ. ಕಾರಣ ಹೇಳದ ಅಂಕಿಗಳನ್ನು ನಂಬುವುದು ಹೇಗೆ ಎಂದು ಎಷ್ಟೋ ಹವಾಮಾನ ತಜ್ಞರು ಕೇಳಿದರು. 1958ರ ನವೆಂಬರ್ 4ರಂದು ಇಂಗ್ಲೆಂಡಿನ ಸರ‍್ರೆಯಲ್ಲಿ ವಾಕರ್ ತೀರಿಕೊಂಡಾಗ ಅವರಿಗೆ 90 ವರ್ಷ. ಮರುವರ್ಷ ಅವರ ವೃತ್ತಿಬಾಂಧವರ ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿಯಲ್ಲೂ, ಪ್ರಪಂಚದ ಹವಾಮಾನಕ್ಕೊಂದು ಸಿದ್ಧಾಂತ ಕಟ್ಟಲು ಇದರಿಂದ ದಾರಿ ಸಿಗುತ್ತದೆ ಎಂಬ ಅವರ ಆಸೆ ಕೈಗೂಡಿದಂತೆ ಕಾಣುವುದಿಲ್ಲ ಎಂಬ ಧಾಟಿಯೇ ಇತ್ತು.

ತಡವಾಗಿ ಬಂದ ಉತ್ತರ

ವಿಚಿತ್ರ ನೋಡಿ. ಉತ್ತರ ಅವರು ಬದುಕಿದ್ದ ಕೊನೆಯ ವರ್ಷದಲ್ಲೇ ಸಮುದ್ರದ ಮೇಲೆ ಬರೆಯಲಾಗುತ್ತಿತ್ತು.

1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಭೂಭೌತ ವರ್ಷ. ಹತ್ತಾರು ದೇಶಗಳು ಸೇರಿ ಭೂಮಿ, ಗಾಳಿ, ಸಮುದ್ರವನ್ನು ಅಳೆದವು. ಸರಿಯಾಗಿ ಅದೇ ಹೊತ್ತಿಗೆ ಪೆಸಿಫಿಕ್‌ನಲ್ಲಿ ದೊಡ್ಡ ಎಲ್ ನಿನೊ ಬಂತು. ಆ ಹೆಸರು ಪೆರು ದೇಶದ ಮೀನುಗಾರರದು. ಕ್ರಿಸ್‌ಮಸ್ ಆಸುಪಾಸಿನಲ್ಲಿ ಅವರ ಕರಾವಳಿಗೆ ಬರುವ ಬಿಸಿ ನೀರಿಗೆ ಅವರು ಬಾಲಯೇಸುವಿನ ಹೆಸರಿಟ್ಟಿದ್ದರು. ಅದು ಪೆರುವಿನ ದಡದ ಸ್ಥಳೀಯ ಸಂಗತಿ ಅಂತಲೇ ಎಲ್ಲರೂ ತಿಳಿದಿದ್ದರು. ಅಳತೆಗಳು ಬೇರೆ ಹೇಳಿದವು. ಬಿಸಿ ನೀರು ಭೂಮಧ್ಯರೇಖೆಯ ಉದ್ದಕ್ಕೂ ಸಾವಿರಾರು ಕಿಲೋಮೀಟರ್ ಚಾಚಿಕೊಂಡಿತ್ತು.

ಕ್ಯಾಲಿಫೋರ್ನಿಯಾದಲ್ಲಿದ್ದ ಯಾಕೋಬ್ ಬ್ಯರ್ಕ್ನೆಸ್ ಎಂಬ ಹವಾಮಾನ ತಜ್ಞರು ಆ ಅಳತೆಗಳನ್ನು ವಾಕರ್ ಅವರ ಏತದ ಪಕ್ಕ ಇಟ್ಟು ನೋಡಿದರು. ಎರಡೂ ಒಂದೇ ಯಂತ್ರದ ಭಾಗಗಳು. ಸಾಮಾನ್ಯ ವರ್ಷಗಳಲ್ಲಿ ಭೂಮಧ್ಯರೇಖೆಯ ಬಳಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬಿಸಿಲಿಗೆ ಕಾದ ನೀರನ್ನು ಇಂಡೋನೇಷ್ಯಾದ ಕಡೆ ತಳ್ಳುತ್ತದೆ. ಅಲ್ಲಿ ಸಮುದ್ರದ ಮಟ್ಟವೇ ಸುಮಾರು ಅರ್ಧ ಮೀಟರ್ ಎತ್ತರ, ನೀರಿನ ಬಿಸಿ 28 ಡಿಗ್ರಿಗಿಂತ ಮೇಲೆ. ಅತ್ತ ಪೆರುವಿನ ದಡದಲ್ಲಿ ಆಳದ ತಣ್ಣನೆ ನೀರು ಮೇಲೆದ್ದು ಬರುತ್ತದೆ, ಅದರ ಜೊತೆ ಮೀನಿಗೆ ಆಹಾರವೂ. ಇಂಡೋನೇಷ್ಯಾದ ಬಿಸಿ ನೀರಿನ ಮೇಲೆ ಗಾಳಿ ಏರಿ, ಮಳೆ ಸುರಿಸಿ, ಎತ್ತರದಲ್ಲಿ ಪೂರ್ವಕ್ಕೆ ಹೋಗಿ, ತಣ್ಣನೆ ನೀರಿನ ಮೇಲೆ ಇಳಿದು ಮತ್ತೆ ಪಶ್ಚಿಮಕ್ಕೆ ಬರುತ್ತದೆ. ಗಾಳಿ ಸೋತರೆ ಬಿಸಿ ನೀರು ಪೂರ್ವಕ್ಕೆ ಜಾರುತ್ತದೆ. ಬಿಸಿ ನೀರು ಜಾರಿದರೆ ಗಾಳಿ ಇನ್ನೂ ಸೋಲುತ್ತದೆ. ಮಳೆಯ ಜಾಗವೇ ಪೂರ್ವಕ್ಕೆ ಸರಿದುಹೋಗುತ್ತದೆ. ಗಾಳಿ ಇಳಿಯುವ ಒಣ ಭಾಗ ಇಂಡೋನೇಷ್ಯಾ, ಆಸ್ಟ್ರೇಲಿಯಾ, ಭಾರತದ ಕಡೆಗೆ ಬಂದು ಕೂರುತ್ತದೆ. 1969ರ ತಮ್ಮ ಪ್ರಬಂಧದಲ್ಲಿ ಬ್ಯರ್ಕ್ನೆಸ್ ಈ ಗಾಳಿಯ ಸುತ್ತಿಗೆ ವಾಕರ್ ಪರಿಚಲನೆ ಎಂದು ಹೆಸರಿಟ್ಟರು. ವಾಕರ್ ತೀರಿ ಆಗ ಹನ್ನೊಂದನೇ ವರ್ಷ.

ಹಿಂದಿರುಗಿ ನೋಡಿದರೆ 1877, 1899, 1918 ಎಲ್ಲವೂ ಎಲ್ ನಿನೊ ಇದ್ದ ವರ್ಷಗಳು. ಧಾತು ಈಶ್ವರದ ಬರದ ಒಂದು ತುದಿ ಪೆರುವಿನ ಸಮುದ್ರದಲ್ಲಿತ್ತು.

ಹಾಗಂತ ಈಗ ಎಲ್ಲ ಗೊತ್ತಾಯಿತು ಅಂತಲ್ಲ. ಪೆಸಿಫಿಕ್‌ನಲ್ಲಿ ಈಗ ತೇಲುವ ಅಳತೆ ಯಂತ್ರಗಳ ಸಾಲೇ ಇದೆ, ಮೇಲೆ ಉಪಗ್ರಹಗಳಿವೆ. ಆದರೂ 1997ರಲ್ಲಿ ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂದಾಗ ಭಾರತದಲ್ಲಿ ಬರ ಬರಲಿಲ್ಲ, ಮಳೆ ಮಾಮೂಲಿಯಾಗಿ ಆಯಿತು. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ಏತ ಇದೆ ಎಂಬುದು ಆಮೇಲೆ ಗೊತ್ತಾಯಿತು. 2023ರ ಕೊನೆಯಲ್ಲಿ ನಾವೇ ಕಂಡೆವು. ಒಣ ಬೇಸಿಗೆ ಎಂದು ಹೆದರಿ ಇಲ್ಲಿನ ಎಷ್ಟೋ ರೈತರು ದನ, ಕುರಿ ಸಿಕ್ಕ ಬೆಲೆಗೆ ಮಾರಿದರು. ಡಿಸೆಂಬರ್‌ನಲ್ಲಿ ಈ ದೇಶದ ಪೂರ್ವ ಭಾಗದಲ್ಲಿ ಮಳೆ ಸುರಿಯಿತು. ಉತ್ತರ ಕ್ವೀನ್ಸ್‌ಲೆಂಡಿನಲ್ಲಿ ಜ್ಯಾಸ್ಪರ್ ಚಂಡಮಾರುತದಿಂದ ಪ್ರವಾಹವೇ ಬಂತು. ಊರಲ್ಲಿ ಮಾತ್ರ ಬರ ಬರವಾಗಿಯೇ ಉಳಿದು, ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಹಿಂದೆ ಬಿಂದಿಗೆಗಳ ಸಾಲು ನಿಂತಿತು.

ವಾಕರ್ ಹೋದದ್ದು ಮುಂಗಾರನ್ನು ಹಿಡಿಯಲು. ಅದು ಅವರ ಕೈಗೆ ಪೂರ್ತಿ ಸಿಗಲಿಲ್ಲ, ಇವತ್ತಿಗೂ ಯಾರ ಕೈಗೂ ಪೂರ್ತಿ ಸಿಕ್ಕಿಲ್ಲ. ಹುಡುಕುತ್ತಾ ಹೋದಾಗ ಅದಕ್ಕಿಂತ ದೊಡ್ಡದೊಂದು ಕಂಡಿತು. ಕಂಡದ್ದನ್ನು ಬರೆದಿಟ್ಟರು, ಕಾರಣ ಗೊತ್ತಿಲ್ಲದ ಕಡೆ ಕಾರಣ ಕಟ್ಟಲಿಲ್ಲ. ಬ್ಯರ್ಕ್ನೆಸ್‌ಗೆ ಅದು ಸಾಕಾಯಿತು.

ಪ್ರತಿ ವರ್ಷ ಮೇ ಕೊನೆಗೆ ನಮ್ಮ ಮನೆಗಳಿಂದ ಫೋನ್ ಬಂದಾಗ, ಅಲ್ಲೇ ಓದ್ತಿದ್ದೀಯಲ್ಲ, ಈ ಸಲ ಮಳೆ ಹೇಗಂತೆ ಅಂತ ಅಪ್ಪನೋ ಅಜ್ಜನೋ ಕೇಳುತ್ತಾರೆ. ನಾವು ಡಾರ್ವಿನ್, ತಹಿತಿಯ ಅಂಕಿ ನೋಡಿ ಏನೋ ಒಂದು ಹೇಳುತ್ತೇವೆ. ಅವರು ಹೂಂ ಅನ್ನುತ್ತಾರೆ. ಆಮೇಲೆ ರೋಹಿಣಿ ಮಳೆ ಬಿತ್ತಾ, ಮೃಗಶಿರಾ ಹೇಗೆ ಅಂತ ಅವರೇ ಆಕಾಶ ನೋಡಿ ಬಿತ್ತನೆಗೆ ಇಳಿಯುತ್ತಾರೆ. ಈ ಸಲ ಕೇಳಿದರೆ ನೆರಳು ಯಾವ ಕಡೆ ಬಿದ್ದಿದೆ ಅನ್ನುವುದನ್ನಷ್ಟೇ ಹೇಳೋಣ. ಅದಕ್ಕಿಂತ ಹೆಚ್ಚು ಗೊತ್ತಿದೆ ಅಂತ ವಾಕರ್ ಸಾಹೇಬರೂ ಹೇಳಿರಲಿಲ್ಲ.